ಜುಬಿಲಿ ಎಂಬ ಬೋಳು ಬೊಂಬೆ

ಇವತ್ತು ಒಂದು ಬೊಂಬೆಯ ಕಥೆ. ಚನ್ನಪಟ್ಟಣದ ಮರದ ಬೊಂಬೆ ಅಲ್ಲ, ನವರಾತ್ರಿಗೆ ಕೂರಿಸುವ ಪಟ್ಟದ ಬೊಂಬೆಯೂ ಅಲ್ಲ. ಮೈತುಂಬಾ ರೋಮವಿದ್ದ, ಒಳಗೆ ಮೆತ್ತಗೆ ತುಂಬಿಸಿ ಹೊಲಿದ ಒಂದು ಚಿಂಪಾಂಜಿ ಬೊಂಬೆ. 1935ರಲ್ಲಿ ಲಂಡನ್ನಿನ ಅಪ್ಪನೊಬ್ಬ ಆಗಷ್ಟೇ ವರ್ಷ ತುಂಬಿದ್ದ ಮಗಳಿಗೆ ತಂದುಕೊಟ್ಟದ್ದು. ಮಗು ಅದನ್ನು ಹೋದಲ್ಲೆಲ್ಲ ಎಳೆದುಕೊಂಡು ಹೋಯಿತು. ಅಪ್ಪಿ ಅಪ್ಪಿ, ಎಳೆದಾಡಿ ಎಳೆದಾಡಿ, ಬೊಂಬೆಯ ರೋಮವೆಲ್ಲ ಉದುರಿ ಬೋಳಾಯಿತು. ಆದರೂ ಯಾರೂ ಅದನ್ನು ಬಿಸಾಡಲಿಲ್ಲ. ಮಗಳು ಬೆಳೆದು, ಲೋಕವೆಲ್ಲ ಸುತ್ತಿ, ಅಜ್ಜಿಯಾದ ಮೇಲೂ ಆ ಬೋಳು ಬೊಂಬೆ ಇಂಗ್ಲೆಂಡಿನ ಬೋರ್ನ್‌ಮತ್ ಊರಿನ ಮನೆಯಲ್ಲಿ ಕೂತೇ ಇತ್ತು.

ಬೊಂಬೆಯ ಹೆಸರು ಜುಬಿಲಿ. ಮಗುವಿನ ಹೆಸರು ವ್ಯಾಲರಿ ಜೇನ್ ಮಾರಿಸ್-ಗುಡಾಲ್. ನಮಗೆಲ್ಲ ಗೊತ್ತಿರುವ ಹೆಸರು ಜೇನ್ ಗುಡಾಲ್. ಆಫ್ರಿಕಾದ ಕಾಡಿನಲ್ಲಿ ಚಿಂಪಾಂಜಿಗಳ ಬೆನ್ನು ಹತ್ತಿ, ಅವುಗಳ ಬಗ್ಗೆ ಜನ ಅಂದುಕೊಂಡಿದ್ದನ್ನು ತಲೆಕೆಳಗು ಮಾಡಿದವರು. 2025ರ ಅಕ್ಟೋಬರ್ 1ರಂದು, 91ನೇ ವಯಸ್ಸಿನಲ್ಲಿ, ಭಾಷಣ ಪ್ರವಾಸದಲ್ಲಿದ್ದಾಗಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರ ಬಗ್ಗೆ ಓದುವಾಗಲೆಲ್ಲ ಈ ಬೊಂಬೆಯ ವಿಷಯ ಒಂದು ಸಾಲಾದರೂ ಬರುತ್ತೆ. "ನೋಡಿ, ವರ್ಷದ ಕೂಸಾಗಿದ್ದಾಗಲೇ ಕೈಗೆ ಚಿಂಪಾಂಜಿ ಬಂದಿತ್ತು!" ಅನ್ನೋ ಥರ. ಆ ಸಾಲು ಓದಿ ಮುಂದೆ ಹೋಗಿಬಿಡಬಹುದು. ನನಗೆ ಮಾತ್ರ ಅಲ್ಲೇ ನಿಂತು ಸ್ವಲ್ಪ ಕೆದಕೋಣ ಅನ್ನಿಸಿತು.

ಮೊದಲು ಆ ಹೆಸರು. 1935 ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಪಟ್ಟಕ್ಕೆ ಬಂದು 25 ವರ್ಷ ತುಂಬಿದ ವರ್ಷ, ಬೆಳ್ಳಿ ಹಬ್ಬದ ವರ್ಷ. ಅದೇ ವರ್ಷ ಲಂಡನ್ ಮೃಗಾಲಯದಲ್ಲಿ ಒಂದು ಚಿಂಪಾಂಜಿ ಮರಿ ಹುಟ್ಟಿತು. ಆ ಮೃಗಾಲಯದಲ್ಲಿ ಹುಟ್ಟಿದ ಮೊದಲ ಚಿಂಪಾಂಜಿ ಅದು. ದೊರೆಯ ಹಬ್ಬದ ನೆನಪಿಗೆ ಮರಿಗೂ ಜುಬಿಲಿ ಅಂತಲೇ ಹೆಸರಿಟ್ಟರು. ಜೇನ್‌ಳ ಅಪ್ಪ ಮಾರ್ಟಿಮರ್ ಕಾರ್ ರೇಸಿನ ಮನುಷ್ಯ, ಆಸ್ಟನ್ ಮಾರ್ಟಿನ್ ಓಡಿಸುತ್ತಿದ್ದವರು. ಮರಿ ಹುಟ್ಟಿದ ಸಂಭ್ರಮದಲ್ಲಿ ಮಗಳಿಗೆ ಈ ಬೊಂಬೆ ತಂದರು. ಅಂದರೆ ಜೇನ್ ಕೈಲಿದ್ದದ್ದು ಬರೀ ಬೊಂಬೆ ಅಲ್ಲ. ಪಂಜರದಲ್ಲಿ ಹುಟ್ಟಿದ ಒಂದು ನಿಜವಾದ ಜೀವದ ನೆನಪಿನ ಕಾಣಿಕೆ ಅದು.

ಆ ಕಾಲದ ಲಂಡನ್ನಿಗೆ ಚಿಂಪಾಂಜಿ ಅಂದರೆ ಏನು ಅಂತಲೂ ಸ್ವಲ್ಪ ನೋಡಬೇಕು. ಲಂಡನ್ ಮೃಗಾಲಯ ಶುರುವಾದದ್ದು 1828ರಲ್ಲಿ. (ನಮ್ಮ ಮೈಸೂರಿನದ್ದು 1892ರಲ್ಲಿ.) 1926ರಿಂದ ಅಲ್ಲಿ "ಚಿಂಪಾಂಜಿಗಳ ಟೀ ಪಾರ್ಟಿ" ಅಂತ ಒಂದು ಆಟ ನಡೀತಿತ್ತು. ಎಳೆಯ ಚಿಂಪಾಂಜಿಗಳನ್ನು ಮೇಜಿನ ಸುತ್ತ ಕೂರಿಸಿ, ಕಪ್ಪು ತಟ್ಟೆ ಕೊಟ್ಟು, ಅವು ಮಾಡುವ ಗಲಾಟೆ ನೋಡಿ ಜನ ನಗುವುದು. 1972ರವರೆಗೂ ಅದು ನಡೆಯಿತು. ಆ ಚಿಂಪಾಂಜಿಗಳು ಬರುತ್ತಿದ್ದದ್ದು ಎಲ್ಲಿಂದ? ಹೆಚ್ಚಿನವು ಆಫ್ರಿಕಾದ ಕಾಡಿನಿಂದ. ಮರಿ ಬೇಕು ಅಂದರೆ ತಾಯಿಯನ್ನು ಗುಂಡಿಕ್ಕಿ ಕೊಂದು, ಅವಳ ಮೈಗೆ ಅಂಟಿಕೊಂಡ ಕೂಸನ್ನು ಕಿತ್ತುಕೊಂಡು ಬರುವುದೇ ರೂಢಿ. ಹಾಗಿರುವಾಗ ಮೃಗಾಲಯದಲ್ಲೇ ಒಂದು ಮರಿ ಹುಟ್ಟಿತು ಅಂದರೆ ಊರಿಗೆಲ್ಲ ಸುದ್ದಿಯಾಗದೆ ಇರುತ್ತಾ?

ಬೊಂಬೆ ಮನೆಗೆ ಬಂದಾಗ ಅಮ್ಮ ವ್ಯಾನ್‌ಳ ಗೆಳತಿಯರು ಗಾಬರಿಯಾದರಂತೆ. ಇಷ್ಟು ದೊಡ್ಡದು, ಇಷ್ಟು ವಿಕಾರ, ಮಗು ರಾತ್ರಿ ಬೆಚ್ಚಿಬೀಳುತ್ತೆ, ತೆಗೆದಿಡು ಅಂತ. ನಮ್ಮ ಕಡೆಯಾಗಿದ್ದರೂ ಅಕ್ಕಪಕ್ಕದವರು ಇದನ್ನೇ ಹೇಳ್ತಿದ್ದರು. ಜೊತೆಗೆ ದೃಷ್ಟಿ ತೆಗೆಯೋಕೆ ಮೆಣಸಿನಕಾಯಿಯೂ ಬರ್ತಿತ್ತು :-) ಆದರೆ ವ್ಯಾನ್ ಬೊಂಬೆಯನ್ನು ತೆಗೆದಿಡಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. ಯಾಕೆ ಅಂತ ಮುಂದೆ ಹೇಳ್ತೀನಿ.

* * *

"ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ನಮ್ಮಲ್ಲೊಂದು ಗಾದೆ. ಕೆಲವರ ಮನೆಗಳಲ್ಲಿ ಮಗುವಿನ ಮುಂದೆ ಪುಸ್ತಕ, ಪೆನ್ನು, ಚಿನ್ನ, ಮಣ್ಣು ಎಲ್ಲ ಇಟ್ಟು ಯಾವುದನ್ನು ಹಿಡಿಯುತ್ತೆ ಅಂತ ನೋಡುವ ಶಾಸ್ತ್ರವೂ ಉಂಟು. ಪೆನ್ನು ಹಿಡಿದರೆ ವಿದ್ವಾಂಸ, ಮಣ್ಣು ಹಿಡಿದರೆ ಜಮೀನುದಾರ. ಪೆನ್ನು ಹಿಡಿದವ ಮುಂದೆ ಮೇಷ್ಟರಾದರೆ ಮನೆಯವರು ಮೂವತ್ತು ವರ್ಷ ಅದನ್ನೇ ಹೇಳ್ತಾರೆ. ಪೆನ್ನು ಹಿಡಿದವ ಮುಂದೆ ಗ್ಯಾರೇಜು ಇಟ್ಟರೆ? ಆ ಶಾಸ್ತ್ರದ ವಿಷಯವೇ ಯಾರಿಗೂ ನೆನಪಿರಲ್ಲ.

ಹಳೆಯ ನೆನಪಿನ ವಸ್ತುಗಳ ಕಥೆಯೂ ಹೀಗೇ. ನನ್ನ ಹತ್ತಿರ ಶಾಲೆಯ ಕಾಲದ ಒಂದು ಜಾಮಿಟ್ರಿ ಬಾಕ್ಸ್ ಇದೆ. ಕಂಪಾಸು ಎಂದೋ ಕಳೆದುಹೋಗಿದೆ. ಒಳಗೆ ಎರಡು ಗೋಲಿ, ಬಸ್ಸಿನ ಟಿಕೆಟ್ಟುಗಳ ಕಂತೆ, ಅಂಚು ಒಡೆದ ಒಂದು ಭೂತಕನ್ನಡಿ. ನಾನು ವಿಜ್ಞಾನಿಯಾಗಿದ್ದರೆ ಆ ಭೂತಕನ್ನಡಿ ದೊಡ್ಡ ಕಥೆಯಾಗ್ತಿತ್ತು. ಕಂಡಕ್ಟರ್ ಆಗಿದ್ದರೆ ಟಿಕೆಟ್ಟುಗಳು. ಎರಡೂ ಆಗದೆ ಆಫೀಸಿನಲ್ಲಿ ಲೆಕ್ಕ ಬರೆಯುವವನಾದೆ. ಹಾಗಾಗಿ ಆ ಡಬ್ಬಿ ಬರೀ ಡಬ್ಬಿಯಾಗೇ ಉಳಿದಿದೆ.

ಆ ಕಾಲದಲ್ಲಿ ಲಂಡನ್ನಿನ ಎಷ್ಟು ಮಕ್ಕಳ ಕೈಯಲ್ಲಿ ಕರಡಿ, ಕೋತಿ, ಆನೆಯ ಬೊಂಬೆಗಳಿದ್ದವೋ ಲೆಕ್ಕ ಇಟ್ಟವರಾರು? ಅವರ್ಯಾರೂ ಕಾಡಿಗೆ ಹೋಗಲಿಲ್ಲ. ಜೇನ್ ಹೋದರು. ಆದ್ದರಿಂದ ಬೊಂಬೆ ಭವಿಷ್ಯ ಹೇಳಿತು ಅನ್ನೋದಕ್ಕಿಂತ, ಬದುಕು ಮುಗಿಯುವ ಹೊತ್ತಿಗೆ ಬೊಂಬೆಗೆ ಒಂದು ಅರ್ಥ ಬಂತು ಅನ್ನೋದೇ ಸರಿ. ಹಾಗಾದರೆ ಬೊಂಬೆಗೂ ಕಾಡಿಗೂ ನಡುವೆ ನಿಜವಾಗಿ ಏನು ನಡೆಯಿತು?

* * *

ಜೇನ್ ಇನ್ನೂ ತೀರಾ ಚಿಕ್ಕವಳಿದ್ದಾಗ ಒಂದು ರಾತ್ರಿ ತೋಟದಿಂದ ಎರೆಹುಳುಗಳನ್ನು ತಂದು ಹಾಸಿಗೆಯಲ್ಲಿ ಇಟ್ಟುಕೊಂಡಿದ್ದಳು. ಅಮ್ಮ ನೋಡಿದಳು. ಕಿರುಚಲಿಲ್ಲ, ಎರಡೇಟು ಬಿಗಿಯಲೂ ಇಲ್ಲ. "ಮಣ್ಣಿಲ್ಲದಿದ್ದರೆ ಇವು ಸತ್ತುಹೋಗುತ್ತವೆ" ಅಂತ ತಿಳಿಸಿ ಹೇಳಿದಳು. ತಾಯಿ ಮಗಳು ಸೇರಿ ಹುಳುಗಳನ್ನು ತೋಟಕ್ಕೆ ಬಿಟ್ಟು ಬಂದರು.

ಇನ್ನೊಂದು ಘಟನೆ ನಾಲ್ಕೂವರೆ ವರ್ಷದ ಆಸುಪಾಸಿನದ್ದು. ಹಳ್ಳಿಯ ಫಾರ್ಮ್ ಒಂದಕ್ಕೆ ಹೋಗಿದ್ದಾಗ ಜೇನ್‌ಗೆ ಕೋಳಿಮೊಟ್ಟೆ ಆಯುವ ಕೆಲಸ ಕೊಟ್ಟಿದ್ದರು. ಇಷ್ಟು ದೊಡ್ಡ ಮೊಟ್ಟೆ ಬರೋಕೆ ಕೋಳಿಯಲ್ಲಿ ತೂತೆಲ್ಲಿದೆ ಅಂತ ಅವಳ ಅನುಮಾನ. ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ಸರಿ, ತಾನೇ ನೋಡೋಣ ಅಂತ ಖಾಲಿ ಕೋಳಿಗೂಡಿಗೆ ನುಗ್ಗಿ ಹುಲ್ಲಿನ ಹಿಂದೆ ಅಲುಗಾಡದೆ ಕೂತಳು. ನಾಲ್ಕೈದು ಗಂಟೆ! ಹೊರಗೆ ಮಗು ಕಾಣೆಯಾಗಿದೆ ಅಂತ ಮನೆಮಂದಿಯೆಲ್ಲ ಹುಡುಕಾಡುತ್ತಿದ್ದಾರೆ. ಕತ್ತಲಾಗುತ್ತಿದೆ. ಕೊನೆಗೆ ಮೈಯೆಲ್ಲ ಹುಲ್ಲು ಮಾಡಿಕೊಂಡು ಮಗಳು ಓಡಿ ಬಂದಾಗ, ವ್ಯಾನ್ ಅವಳ ಹೊಳೆಯುವ ಕಣ್ಣು ನೋಡಿ, ಬೈಯದೆ, ಕೂರಿಸಿಕೊಂಡು ಕೋಳಿ ಮೊಟ್ಟೆ ಇಟ್ಟ ಕಥೆಯನ್ನು ಪೂರ್ತಿ ಕೇಳಿದಳು.

ಜೇನ್ ಆಮೇಲೆ ಎಷ್ಟೋ ಭಾಷಣಗಳಲ್ಲಿ ಈ ಪ್ರಸಂಗ ಹೇಳುತ್ತಿದ್ದರು. ಕುತೂಹಲ ಹುಟ್ಟುವುದು, ಪ್ರಶ್ನೆ ಕೇಳುವುದು, ಉತ್ತರ ಸಿಗದಿದ್ದರೆ ತಾನೇ ಹುಡುಕುವುದು, ತಾಳ್ಮೆಯಿಂದ ಕಾಯುವುದು... ವಿಜ್ಞಾನಿಗೆ ಬೇಕಾದದ್ದೆಲ್ಲ ಆ ಕೋಳಿಗೂಡಿನಲ್ಲೇ ಇತ್ತು, ಬೇರೆ ಥರದ ಅಮ್ಮ ಆಗಿದ್ದರೆ ಅದನ್ನು ಅಲ್ಲೇ ಹೊಸಕಿ ಹಾಕಿಬಿಡಬಹುದಿತ್ತು ಅಂತ. ಬೊಂಬೆಯನ್ನು ತೆಗೆದಿಡದ ಅಮ್ಮ, ಹುಳುವಿಗೆ ಕಿರುಚದ ಅಮ್ಮ, ಕೋಳಿಗೂಡಿಗೆ ಬೈಯದ ಅಮ್ಮ. ಮೂರೂ ಒಬ್ಬಳೇ ಅನ್ನೋದನ್ನ ಗಮನಿಸಿ.

ಅಪ್ಪನ ಕಥೆ ಬೇರೆ. 1939ರಲ್ಲಿ ಯುದ್ಧ ಶುರುವಾಯಿತು, ಅವರು ಸೈನ್ಯ ಸೇರಿದರು. ಮುಂದೆ ಗಂಡ ಹೆಂಡತಿ ಬೇರೆಯಾದರು. ಜೇನ್ ಮತ್ತು ತಂಗಿ ಜೂಡಿ ಬೋರ್ನ್‌ಮತ್‌ನ ಅಜ್ಜಿ ಮನೆಯಲ್ಲಿ ಬೆಳೆದರು. ಹೆಂಗಸರೇ ನಡೆಸುತ್ತಿದ್ದ, ದುಡ್ಡಿಗೆ ಸದಾ ಕೈ ಬಿಗಿಯಿದ್ದ ಮನೆ. ಅಪ್ಪ ಹೆಚ್ಚು ಜೊತೆಗಿರಲಿಲ್ಲ. ಅಪ್ಪ ಕೊಟ್ಟ ಬೊಂಬೆ ಮಾತ್ರ ಉಳಿಯಿತು.

ಅಲ್ಲಿ ಜೇನ್‌ಗೆ ಎರಡು ಗೆಳೆತನಗಳು. ಒಂದು ರಸ್ಟಿ ಅನ್ನೋ ನಾಯಿಯದ್ದು. ಪ್ರಾಣಿಗೂ ಒಂದು ಸ್ವಭಾವ, ಮನಸ್ಸು, ಸುಖದುಃಖ ಇದೆ ಅಂತ ನನಗೆ ಕಲಿಸಿದ ಗುರು ಅವನೇ ಅಂತ ಅವರು ಕೊನೆಯವರೆಗೂ ಹೇಳುತ್ತಿದ್ದರು. ಇನ್ನೊಂದು ಪುಸ್ತಕಗಳದ್ದು. ಪ್ರಾಣಿಗಳ ಜೊತೆ ಮಾತಾಡುವ ಡಾಕ್ಟರ್ ಡೂಲಿಟಲ್, ಆಮೇಲೆ ಟಾರ್ಜಾನ್. ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡ ಟಾರ್ಜಾನ್ ಪುಸ್ತಕವನ್ನು ತೋಟದ ಮರ ಹತ್ತಿ ಕೂತು ಓದುತ್ತಿದ್ದರು. ಟಾರ್ಜಾನನ ಹೆಂಡತಿಯ ಹೆಸರೂ ಜೇನ್ ತಾನೆ? ಅವನು ತಪ್ಪು ಜೇನ್‌ಳನ್ನು ಮದುವೆಯಾದ ಅಂತ ಹತ್ತು ವರ್ಷದ ಹುಡುಗಿಗೆ ಭಾರೀ ಸಿಟ್ಟು :-)

ಆಗಲೇ ತೀರ್ಮಾನ ಮಾಡಿದ್ದಳು: ಆಫ್ರಿಕಾಕ್ಕೆ ಹೋಗ್ತೀನಿ, ಪ್ರಾಣಿಗಳ ಜೊತೆ ಇರ್ತೀನಿ, ಪುಸ್ತಕ ಬರೀತೀನಿ. ಕೇಳಿದವರೆಲ್ಲ ನಕ್ಕರು. ಯುದ್ಧದ ಕಾಲ, ಕೈಲಿ ಕಾಸಿಲ್ಲ, ಮೇಲಾಗಿ ಹುಡುಗಿ. ವ್ಯಾನ್ ಮಾತ್ರ ನಗಲಿಲ್ಲ. ಅಷ್ಟು ಆಸೆಯಿದ್ದರೆ ಕಷ್ಟಪಟ್ಟು ದುಡಿ, ಸಿಕ್ಕ ಅವಕಾಶ ಬಿಡಬೇಡ, ಕೈಚೆಲ್ಲಬೇಡ ಅಂತ ಹೇಳಿದಳಂತೆ.

* * *

ಈಗ 1950ರ ದಶಕಕ್ಕೆ ಬನ್ನಿ. ನಾವು ಕಥೆಯ ಕೊನೆ ಗೊತ್ತಿರುವವರು. ಅದನ್ನು ಮರೆತು, ಆ ಕಾಲದಲ್ಲಿ ನಿಂತು ನೋಡಿ. ಜೇನ್‌ಗೆ ಯೂನಿವರ್ಸಿಟಿಗೆ ಹೋಗಲು ದುಡ್ಡಿಲ್ಲ. ಸೆಕ್ರೆಟರಿ ಕೋರ್ಸ್ ಮಾಡಿಕೊಂಡರು. ಟೈಪಿಂಗು, ಶಾರ್ಟ್‌ಹ್ಯಾಂಡು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಕಾಗದಪತ್ರ ಟೈಪ್ ಮಾಡುವ ಕೆಲಸ, ಆಮೇಲೆ ಲಂಡನ್ನಿನಲ್ಲಿ ಸಾಕ್ಷ್ಯಚಿತ್ರದ ಕಂಪನಿಯೊಂದರಲ್ಲಿ ನೌಕರಿ. ಆ ಹೊತ್ತಿಗೆ ಯಾರಾದರೂ ಬೋರ್ನ್‌ಮತ್ ಮನೆಗೆ ಹೋಗಿ ಆ ಬೋಳು ಬೊಂಬೆ ನೋಡಿದ್ದರೆ "ಮುಂದಿನ ಮಹಾವಿಜ್ಞಾನಿ" ಅಂತ ಅಂದಿರುತ್ತಿದ್ದರಾ? ಟೈಪಿಸ್ಟ್ ಹುಡುಗಿಯ ಹಳೇ ಬೊಂಬೆ, ಅಷ್ಟೇ.

1956ರಲ್ಲಿ ಶಾಲೆಯ ಗೆಳತಿಯೊಬ್ಬಳಿಂದ ಪತ್ರ ಬಂತು. ಅವಳ ಮನೆಯವರು ಕೀನ್ಯಾದಲ್ಲಿ ಫಾರ್ಮ್ ಮಾಡಿದ್ದರು, ಬಂದು ಇದ್ದು ಹೋಗು ಅಂತ ಕರೆದಿದ್ದಳು. ಜೇನ್ ಲಂಡನ್ನಿನ ಕೆಲಸ ಬಿಟ್ಟು ಊರಿಗೆ ಬಂದು, ಹೋಟೆಲಿನಲ್ಲಿ ವೇಟ್ರೆಸ್ ಆಗಿ ತಟ್ಟೆ ಲೋಟ ಹೊತ್ತು, ಹಡಗಿನ ಟಿಕೆಟ್ಟಿಗೆ ಕಾಸು ಕೂಡಿಸಿದರು. 1957ರಲ್ಲಿ, ಇಪ್ಪತ್ಮೂರನೇ ವಯಸ್ಸಿನಲ್ಲಿ, ಕೇಪ್‌ಟೌನ್ ಸುತ್ತಿಕೊಂಡು ಹಡಗು ಮೊಂಬಾಸಾ ಮುಟ್ಟಿತು.

ನೈರೋಬಿಯ ಮ್ಯೂಸಿಯಮ್ಮಿನಲ್ಲಿ ಲೂಯಿ ಲೀಕಿ ಅಂತ ಒಬ್ಬರಿದ್ದರು. ಮನುಷ್ಯನ ಪೂರ್ವಜರ ಮೂಳೆ ಹುಡುಕುತ್ತಾ ಓಲ್ಡುವೈ ಕಣಿವೆಯನ್ನು ಅಗೆಯುತ್ತಿದ್ದವರು. ಜೇನ್ ಹೋಗಿ ಭೇಟಿಯಾದರು. ಲೀಕಿ ಪ್ರಾಣಿಗಳ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು, ಹುಡುಗಿ ಉತ್ತರ ಹೇಳಿದಳು, ಸೆಕ್ರೆಟರಿ ಕೆಲಸ ಸಿಕ್ಕಿತು. ನೋಡಿ, ಬೇಸರದಿಂದ ಕಲಿತ ಟೈಪಿಂಗೇ ಕೊನೆಗೆ ಬಾಗಿಲು ತೆಗೆದದ್ದು! ಲೀಕಿಗೆ ಒಂದು ಹುಚ್ಚಿತ್ತು. ಮೂಳೆ ಸಿಗುತ್ತೆ, ನಡವಳಿಕೆ ಮಣ್ಣಿನಲ್ಲಿ ಸಿಗಲ್ಲ. ಮನುಷ್ಯನ ಹತ್ತಿರದ ನೆಂಟರಾದ ವಾನರಗಳನ್ನು ಕಾಡಿನಲ್ಲೇ ವರ್ಷಗಟ್ಟಲೆ ಗಮನಿಸಿದರೆ ನಮ್ಮ ಪೂರ್ವಜರ ಬದುಕಿನ ಸುಳಿವು ಸಿಗಬಹುದು ಅನ್ನೋದು ಅವರ ಲೆಕ್ಕ. ಅದಕ್ಕೆ ಡಿಗ್ರಿಗಳ ಭಾರವಿಲ್ಲದ, ಬಿಡುಗಣ್ಣಿನ ಒಬ್ಬರು ಬೇಕಿತ್ತು. ಮುಂದೆ ಅವರು ಗೊರಿಲ್ಲಾಗಳಿಗೆ ಡಯಾನ್ ಫಾಸಿಯನ್ನೂ ಒರಾಂಗುಟಾನ್‌ಗಳಿಗೆ ಬಿರೂಟೆ ಗಾಲ್ಡಿಕಾಸ್‌ರನ್ನೂ ಕಳಿಸಿದರು. ಮೊದಲು ಹೋದವರು ಜೇನ್.

ಅಮೆರಿಕದ ಲೇಟನ್ ವಿಲ್ಕಿ ಅನ್ನೋ ಉದ್ಯಮಿಯಿಂದ ಆರು ತಿಂಗಳಿಗಾಗುವಷ್ಟು ದುಡ್ಡು ಬಂತು. ಟಾಂಗನಿಕಾ (ಈಗಿನ ಟಾಂಜಾನಿಯಾದ ಮುಖ್ಯಭೂಮಿ) ಆಗ ಬ್ರಿಟಿಷರ ಕೈಯಲ್ಲಿತ್ತು. ಒಂಟಿ ಹುಡುಗಿಯನ್ನು ಕಾಡಿಗೆ ಬಿಡೋಕಾಗಲ್ಲ, ಜೊತೆಗೆ ಯಾರಾದರೂ ಇರಲೇಬೇಕು ಅಂತ ಅಧಿಕಾರಿಗಳು ಪಟ್ಟು ಹಿಡಿದರು. ಯಾರು ಹೋದರು ಹೇಳಿ? ವ್ಯಾನ್! 1960ರ ಜುಲೈ 14ರಂದು ತಾಯಿ ಮಗಳು ಟಾಂಗನಿಕಾ ಸರೋವರದ ದಡದ ಗೋಂಬೆಯಲ್ಲಿ ಇಳಿದರು. (ಬೊಂಬೆಯಿಂದ ಗೋಂಬೆಗೆ. ಕನ್ನಡದಲ್ಲಿ ಮಾತ್ರ ಸಿಗುವ ಪ್ರಾಸ ಇದು, ಬಿಡಲಾರದೆ ಬರೆದೆ.) ಇಬ್ಬರೂ ಮಲೇರಿಯಾದಲ್ಲಿ ನರಳಿದರು. ಮಗಳು ಬೆಟ್ಟ ಹತ್ತಿದರೆ, ತಾಯಿ ಕೆಳಗೆ ಬೆಸ್ತರಿಗೆ ಮಾತ್ರೆ, ಮುಲಾಮು ಕೊಡುತ್ತಾ ಊರವರ ಸ್ನೇಹ ಸಂಪಾದಿಸಿದಳು. ಬೊಂಬೆಯನ್ನು ಮಗುವಿನ ಕೈಲಿ ಬಿಟ್ಟ ಅಮ್ಮ, ಮಗಳನ್ನು ನಿಜವಾದ ಚಿಂಪಾಂಜಿಗಳ ಹತ್ತಿರ ತಾನೇ ಕರೆದುಕೊಂಡು ಬಂದಂತಾಯಿತು.

* * *

ಮೊದಲ ತಿಂಗಳುಗಳಲ್ಲಿ ಚಿಂಪಾಂಜಿಗಳು ದೂರದಿಂದ ಕಂಡರೂ ಓಡಿಹೋಗುತ್ತಿದ್ದವು. ದುಡ್ಡು ಮುಗಿಯುತ್ತಾ ಬಂದಿತ್ತು. ಗಡ್ಡ ಬೆಳ್ಳಗಿದ್ದ ಒಂದು ಗಂಡು ಚಿಂಪಾಂಜಿ ಮಾತ್ರ ಮೆಲ್ಲಗೆ ಹೆದರಿಕೆ ಬಿಟ್ಟಿತು. ಜೇನ್ ಅದಕ್ಕೆ ಡೇವಿಡ್ ಗ್ರೇಬಿಯರ್ಡ್ ಅಂತ ಹೆಸರಿಟ್ಟರು. ಕನ್ನಡದಲ್ಲಿ ಹೇಳುವುದಾದರೆ ನರೆಗಡ್ಡದ ಡೇವಿಡ್. 1960ರ ನವೆಂಬರಿನಲ್ಲಿ ಒಂದು ದಿನ ಈ ಡೇವಿಡ್ ಹುತ್ತವೊಂದರ ಪಕ್ಕ ಕೂತಿದ್ದ. ಗೆದ್ದಲು ಕಟ್ಟಿದ ಹುತ್ತಕ್ಕೆ ನಮ್ಮ ಗಾದೆಯಲ್ಲಿ ಹಾವು ಬರುತ್ತೆ. ಇಲ್ಲಿ ಬಂದದ್ದು ಚಿಂಪಾಂಜಿ. ಹುಲ್ಲುಕಡ್ಡಿಯೊಂದನ್ನು ತೂತಿಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಕಚ್ಚಿಕೊಂಡು ಬಂದ ಗೆದ್ದಲುಗಳನ್ನು ತುಟಿಯಿಂದ ಸವರಿ ತಿಂದ. ಎಲೆಯಿರುವ ಕಡ್ಡಿ ಮುರಿದು, ಎಲೆ ಸೋಸಿ ತೆಗೆದು, ಕೆಲಸಕ್ಕೆ ಬರುವಂತೆ ಮಾಡಿಕೊಳ್ಳುವುದನ್ನೂ ಜೇನ್ ಕಂಡರು.

ಉಪಕರಣ ತಯಾರಿಸುವವನೇ ಮನುಷ್ಯ ಅಂತ ಆಗ ಪುಸ್ತಕಗಳು ಹೇಳುತ್ತಿದ್ದವು. ಸುದ್ದಿ ಮುಟ್ಟಿದಾಗ ಲೀಕಿ ತಂತಿ ಕಳಿಸಿದರು. ಇನ್ನು ಉಪಕರಣ ಅಂದರೇನು ಅಂತ ಬೇರೆ ಹೇಳಬೇಕು, ಇಲ್ಲವೇ ಮನುಷ್ಯ ಅಂದರೇನು ಅಂತ ಬೇರೆ ಹೇಳಬೇಕು, ಎರಡೂ ಆಗದಿದ್ದರೆ ಚಿಂಪಾಂಜಿಗಳನ್ನೂ ಮನುಷ್ಯರೆಂದು ಒಪ್ಪಿಕೊಳ್ಳಬೇಕು ಅನ್ನೋದು ಅದರ ತಾತ್ಪರ್ಯ.

ಇದು ಎಲ್ಲರಿಗೂ ಗೊತ್ತಿರುವ ಕಥೆ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆಮೇಲಿನ ಜಗಳ. ಲೀಕಿ ಒತ್ತಾಯದ ಮೇಲೆ 1962ರಲ್ಲಿ ಜೇನ್ ಕೇಂಬ್ರಿಡ್ಜ್ ಸೇರಿದರು. ಬಿ.ಎ. ಕೂಡ ಇಲ್ಲದೆ ನೇರ ಪಿಎಚ್.ಡಿ. ಗೆ. 1966ರಲ್ಲಿ ಪದವಿ ಬಂತು. ಆದರೆ ಅಲ್ಲಿ ಮೊದಲು ಸಿಕ್ಕಿದ್ದು ಬುದ್ಧಿಮಾತು: ಪ್ರಾಣಿಗಳಿಗೆ ಹೆಸರಿಡಬಾರದಿತ್ತು, ನಂಬರ್ ಕೊಡಬೇಕಿತ್ತು. ಅವುಗಳಿಗೆ ಸ್ವಭಾವ, ಮನಸ್ಸು, ಭಾವನೆ ಇದೆ ಅಂತ ಬರೆಯಬಾರದು. ಜೇನ್ ಕಳಿಸಿದ ಮೊದಲ ವೈಜ್ಞಾನಿಕ ಲೇಖನ ತಿದ್ದುಪಡಿಯಾಗಿ ವಾಪಸ್ ಬಂದಾಗ, ಅವರು "ಅವನು", "ಅವಳು" ಅಂತ ಬರೆದ ಕಡೆಯೆಲ್ಲ ಸಂಪಾದಕರು "ಅದು" ಅಂತ ಮಾಡಿದ್ದರು. ಜೇನ್ ಕೂತು ಎಲ್ಲವನ್ನೂ ಹೊಡೆದು ಹಾಕಿ ಮತ್ತೆ "ಅವನು", "ಅವಳು" ಮಾಡಿ ಕಳಿಸಿದರು. ಅಚ್ಚಾದದ್ದು ಹಾಗೇ.

ಕನ್ನಡದವರಿಗೆ ಈ ಜಗಳ ವಿಚಿತ್ರ ಅನ್ನಿಸಬಹುದು. ನಮ್ಮ ವ್ಯಾಕರಣದಲ್ಲಿ ಪ್ರಾಣಿಯೆಲ್ಲ ನಪುಂಸಕಲಿಂಗವೇ. ಹಸು ಬಂತು, ನಾಯಿ ಬೊಗಳಿತು. ಆದರೆ ಕೊಟ್ಟಿಗೆಗೆ ಹೋಗಿ ನೋಡಿ. ಹಸುವಿಗೆ ಗೌರಿ ಅಂತ ಹೆಸರಿಟ್ಟ ಗಳಿಗೆಯಿಂದ ಅಮ್ಮ "ಗೌರಿ ಬಂದ್ಳು" ಅಂತಾಳೆ, "ಬಂತು" ಅನ್ನಲ್ಲ. ಗೋವಿನ ಹಾಡಿನ ಹಸುವಿಗೆ ಪುಣ್ಯಕೋಟಿ ಅನ್ನೋ ಹೆಸರಿಲ್ಲದಿದ್ದರೆ ನಾವು ಚಿಕ್ಕಂದಿನಲ್ಲಿ ಅಷ್ಟು ಅಳ್ತಿದ್ವಾ? ಹೆಸರು ಬಂದ ಕೂಡಲೇ ವ್ಯಾಕರಣ ಸೋಲುತ್ತೆ. ಕೇಂಬ್ರಿಡ್ಜಿನ ಪಂಡಿತರಿಗೆ ಭಯವಿದ್ದದ್ದೂ ಅದೇ. ಹೆಸರಿಟ್ಟರೆ ನಂಟು ಬೆಳೆಯುತ್ತೆ, ನಂಟು ಬೆಳೆದರೆ ಕಣ್ಣು ಮಂಜಾಗುತ್ತೆ ಅಂತ.

ಅವರ ಮಾತಲ್ಲಿ ಹುರುಳೇ ಇಲ್ಲ ಅಂತಲೂ ಹೇಳಲಾರೆ. ಹತ್ತಿರ ಸೆಳೆಯಲು ಜೇನ್ ಶಿಬಿರದಲ್ಲಿ ಬಾಳೆಹಣ್ಣು ಇಡುತ್ತಿದ್ದರು. ಅದರಿಂದ ಚಿಂಪಾಂಜಿಗಳ ನಡುವೆ ಜಗಳ ಹೆಚ್ಚಿತು, ನಡವಳಿಕೆಯೇ ಬದಲಾಯಿತು ಅನ್ನೋ ಟೀಕೆ ಬಂತು, ಮುಂದೆ ಬಾಳೆಹಣ್ಣು ಕಡಿಮೆ ಮಾಡಿದರು. ಆದರೆ ಹೆಸರಿನ ವಿಷಯದಲ್ಲಿ ಗೆದ್ದದ್ದು ಜೇನ್. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಿ, ಅಮ್ಮ ಯಾರು, ಮಕ್ಕಳು ಯಾರು, ಗೆಳೆಯ ಯಾರು ಅಂತ ವರ್ಷಗಟ್ಟಲೆ ಬರೆದಿಟ್ಟಿದ್ದರಿಂದಲೇ ಚಿಂಪಾಂಜಿಗಳ ಸಂಸಾರ ನಮಗೆ ಗೊತ್ತಾಯಿತು.

ಹೆಸರಿಟ್ಟವರಿಗೆ ಸೂತಕವೂ ಉಂಟು. ಫ್ಲೋ ಅನ್ನೋ ಮುದಿ ತಾಯಿ 1972ರಲ್ಲಿ ಸತ್ತಳು. ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಅವಳಿಗೆ ಶ್ರದ್ಧಾಂಜಲಿ ಬರಹ ಹಾಕಿತು. ಅವಳ ಕೊನೆಯ ಮಗ ಫ್ಲಿಂಟ್, ಎಂಟು ವರ್ಷದವನು, ಊಟ ಬಿಟ್ಟು, ಮಂಕಾಗಿ, ಕೆಲವೇ ವಾರಗಳಲ್ಲಿ ತಾನೂ ಹೋದ. 1974ರಿಂದ 1978ರವರೆಗೆ ಗೋಂಬೆಯ ಒಂದೇ ಬಳಗ ಒಡೆದು ಎರಡಾಗಿ, ದೊಡ್ಡ ಗುಂಪಿನವರು ಚಿಕ್ಕ ಗುಂಪಿನ ಗಂಡುಗಳನ್ನು ಒಬ್ಬೊಬ್ಬರನ್ನಾಗಿ ಕೊಂದರು. ಪ್ಯಾಶನ್ ಅನ್ನೋ ಹೆಣ್ಣು ಮತ್ತು ಅವಳ ಮಗಳು ಪಾಮ್ ಬೇರೆ ತಾಯಂದಿರ ಮರಿಗಳನ್ನು ಕಿತ್ತು ತಿಂದರು. ಚಿಂಪಾಂಜಿಗಳು ನಮಗಿಂತ ಸೌಮ್ಯ ಅಂದುಕೊಂಡಿದ್ದ ಜೇನ್ ಇದನ್ನೆಲ್ಲ ಮುಚ್ಚಿಡದೆ ಬರೆದರು. ಬೊಂಬೆಯನ್ನು ಪ್ರೀತಿಸುವುದು ಸುಲಭ, ಅದು ಯಾರನ್ನೂ ಕೊಲ್ಲಲ್ಲ. ಇದ್ದದ್ದನ್ನು ಇದ್ದ ಹಾಗೆ ಕಂಡ ಮೇಲೂ ಪ್ರೀತಿ ಉಳಿಸಿಕೊಳ್ಳುವುದು ಬೇರೆಯೇ ಕೆಲಸ.

1986ರಲ್ಲಿ ಷಿಕಾಗೋದಲ್ಲಿ ಚಿಂಪಾಂಜಿ ಸಂಶೋಧಕರ ಸಮ್ಮೇಳನ ನಡೆಯಿತು. ಆಫ್ರಿಕಾದ ಉದ್ದಗಲಕ್ಕೂ ಕಾಡು ಕರಗುತ್ತಿರುವುದು, ಪ್ರಯೋಗಾಲಯಗಳ ಪುಟ್ಟ ಪಂಜರಗಳಲ್ಲಿ ಚಿಂಪಾಂಜಿಗಳು ಕೊಳೆಯುತ್ತಿರುವುದು ಅಲ್ಲಿ ಕಣ್ಣಿಗೆ ಕಟ್ಟಿತು. ವಿಜ್ಞಾನಿಯಾಗಿ ಒಳಗೆ ಹೋದೆ, ಹೋರಾಟಗಾರ್ತಿಯಾಗಿ ಹೊರಗೆ ಬಂದೆ ಅಂತ ಅವರು ಹೇಳುತ್ತಿದ್ದರು. ಆಮೇಲಿನ ಸುಮಾರು ನಾಲ್ಕು ದಶಕ ಹೆಚ್ಚಾಗಿ ಪ್ರಯಾಣದಲ್ಲೇ ಕಳೆಯಿತು. 1991ರಲ್ಲಿ ಮಕ್ಕಳಿಗಾಗಿ "ರೂಟ್ಸ್ ಅಂಡ್ ಶೂಟ್ಸ್" ಶುರು ಮಾಡಿದರು. ಬೇರು ಮತ್ತು ಚಿಗುರು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ವೈದ್ಯಕೀಯ ಪ್ರಯೋಗ ನಿಲ್ಲಿಸುವುದಾಗಿ ಘೋಷಿಸಿತು. ಅದಕ್ಕೆ ದುಡಿದವರು ಅನೇಕರು, ಅವರಲ್ಲಿ ಜೇನ್ ಒಬ್ಬರು. ಪಂಜರದಲ್ಲಿ ಹುಟ್ಟಿದ ಮರಿಯ ನೆನಪಿನ ಬೊಂಬೆಯಿಂದ ಶುರುವಾದದ್ದು, ಪಂಜರದ ಬಾಗಿಲ ಹತ್ತಿರವೇ ಬಂದು ನಿಂತಿತು.

* * *

ಈ ಪ್ರಯಾಣಗಳಲ್ಲಿ ಜೇನ್ ಕೈಯಲ್ಲಿ ಸದಾ ಇರುತ್ತಿದ್ದದ್ದು ಇನ್ನೊಂದು ಬೊಂಬೆ. ಅದನ್ನು 1996ರಲ್ಲಿ ಕೊಟ್ಟವರು ಗ್ಯಾರಿ ಹಾನ್. ಅಮೆರಿಕದ ಸೈನ್ಯದಲ್ಲಿದ್ದಾಗ ಕಣ್ಣು ಕಳೆದುಕೊಂಡು, ಆಮೇಲೆ ಜಾದೂಗಾರರಾದವರು. ಚಿಂಪಾಂಜಿ ಅಂದುಕೊಂಡೇ ಕೊಟ್ಟರು. ಜೇನ್ ಅವರ ಕೈಹಿಡಿದು ಬೊಂಬೆಯ ಬಾಲ ಮುಟ್ಟಿಸಿದರು. ಚಿಂಪಾಂಜಿಗೆ ಬಾಲ ಎಲ್ಲಿದೆ? ಇದು ಮಂಗ! ಪರವಾಗಿಲ್ಲ, ನೀವು ಹೋದಲ್ಲೆಲ್ಲ ಇದನ್ನು ತೆಗೆದುಕೊಂಡು ಹೋಗಿ, ನಾನೂ ಜೊತೆಗಿದ್ದ ಹಾಗೆ ಅಂದರಂತೆ ಅವರು. ಆ "ಮಿಸ್ಟರ್ ಎಚ್" ಹತ್ತಾರು ದೇಶ ಸುತ್ತಿದ. ಈ ಬೊಂಬೆ ಯಾವ ಭವಿಷ್ಯವನ್ನೂ ಹೇಳಲಿಲ್ಲ. ಮಾಡಿ ಮುಗಿಸಿದ ಬದುಕಿಗೆ ಸಿಕ್ಕ ಕಾಣಿಕೆ ಅದು. ಹಾಗಿದ್ದೂ ವೇದಿಕೆಗಳಲ್ಲಿ ಜನ ಅದನ್ನೇ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಇದೇ ಜಾತಿಯ ಕಥೆ ನಮ್ಮ ಹತ್ತಿರವೂ ಒಂದಿದೆ. ಸಲೀಂ ಅಲಿ ಮುಂಬಯಿಯಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗನಾಗಿದ್ದಾಗ, ಆಟದ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿ ಹೊಡೆದ. ಗಂಟಲಲ್ಲಿ ಹಳದಿ ಮಚ್ಚೆಯಿತ್ತು. ಸಾಕಿದ ಮಾವ ಅಮೀರುದ್ದೀನ್ ತಯ್ಯಬ್‌ಜೀ ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಒಯ್ಯಲು ಹೇಳಿದರು. ಅಲ್ಲಿನ ಕಾರ್ಯದರ್ಶಿ ಮಿಲಾರ್ಡ್ ಹುಡುಗನನ್ನು ಓಡಿಸದೆ, ಹ್ಞೂಂ ಅಂತ ಕೂರಿಸಿಕೊಂಡು, ಕಪಾಟುಗಳ ಡ್ರಾಯರ್ ಎಳೆದೆಳೆದು ಹಕ್ಕಿಗಳ ಲೋಕ ತೋರಿಸಿದರು. ಆ ಹುಡುಗನೇ ದೊಡ್ಡವನಾಗಿ ಮೈಸೂರಿನ ಅರಸರಿಗೆ ಹೇಳಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗುವಂತೆ ಮಾಡಿದ್ದು. 1985ರಲ್ಲಿ ಬಂದ ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಚ್ಚಿ ಇದೆ. ಅಲ್ಲೂ ನೋಡಿ, ಗುಬ್ಬಚ್ಚಿ ಒಂದು ನೆಪ. ಡ್ರಾಯರ್ ತೆಗೆದು ತೋರಿಸಿದ ದೊಡ್ಡವರೊಬ್ಬರು ಇದ್ದದ್ದೇ ಮುಖ್ಯ.

ಹಳೆಯ ವಸ್ತುಗಳಲ್ಲಿ ಭವಿಷ್ಯ ಅಡಗಿರುತ್ತೆ ಅಂತ ನಾನು ನಂಬಲ್ಲ. ಆದರೆ ಅವು ಉಳಿದಿವೆ ಅನ್ನೋದೇ ಒಂದು ಸಾಕ್ಷಿ. ಯಾರೋ ಒಬ್ಬರು ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳಲಿಲ್ಲ, ಇದೇನು ಕಸ ಅಂತ ಬಿಸಾಡಲಿಲ್ಲ ಅನ್ನೋದಕ್ಕೆ ಸಾಕ್ಷಿ. ಮೊಳಕೆ ಎಲ್ಲ ಕಡೆ ಏಳುತ್ತೆ. ತುಳಿಯದೆ ಬಿಟ್ಟವರ ಹೆಸರು ಗಾದೆಯಲ್ಲಿ ಬರಲ್ಲ, ಅಷ್ಟೇ.

ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇಂಥದ್ದೇನಾದರೂ ಇದ್ದರೆ ನೀವೂ ಒಮ್ಮೆ ಬರೀರಿ. ಅದರಿಂದ ನೀವು ಏನಾದಿರಿ ಅನ್ನೋದು ಬರೆಯದಿದ್ದರೂ ಪರವಾಗಿಲ್ಲ. ಅದನ್ನು ಬಿಸಾಡದೆ ಎತ್ತಿಟ್ಟವರು ಯಾರು ಅನ್ನೋದನ್ನ ಮಾತ್ರ ಮರೀದೆ ಬರೀರಿ.